ಕರೆ ಹೋಗುತ್ತದೆ, ಬರುವುದಿಲ್ಲ: ಎರಡು ಕಚೇರಿಗಳ ದೂರವಾಣಿ ಜೋಡಣೆಯಲ್ಲಿ ದೋಷ ಪತ್ತೆ

ಬನ್ನಿಮಂಟಪದಲ್ಲಿ ಆಡಳಿತ ಕಚೇರಿಯನ್ನೂ ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಯನ್ನೂ ಹೊಂದಿರುವ ಉದ್ದಿಮೆಯೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಎರಡೂ ಕಡೆಯ ಐಪಿ ಇಪಿಎಬಿಎಕ್ಸ್‌ಗಳನ್ನು ಅಂತರ್ಜಾಲದ ಮೂಲಕ ಎಸ್‌ಐಪಿ ಟ್ರಂಕ್ ಎಂಬ ಕೊಂಡಿಯಿಂದ ಜೋಡಿಸಲಾಗಿದೆ. ಕಚೇರಿಯಿಂದ ಕಾರ್ಖಾನೆಗೆ ಕರೆ ಸಲೀಸಾಗಿ ಹೋಗುತ್ತದೆ. ಕಾರ್ಖಾನೆಯಿಂದ ಕಚೇರಿಗೆ ಮಾಡಿದ ಕರೆ ಮಾತ್ರ ತಲುಪುವುದಿಲ್ಲ. ಸರಕು ರವಾನೆಯ ಸೂಚನೆಗಳು ತಡವಾಗುತ್ತವೆ. ಕೊನೆಗೆ ಯಂತ್ರವನ್ನೇ ಬದಲಾಯಿಸುವ ದರಪಟ್ಟಿ ಮೇಜಿನ ಮೇಲೆ ಬರುತ್ತದೆ. ಅದಕ್ಕೆ ಒಪ್ಪಿಗೆ ನೀಡುವ ಮುನ್ನ ಉದ್ದಿಮೆದಾರರು ಕೆಲವು ಅಂಶಗಳನ್ನು ಗಮನಿಸುವುದು ಒಳಿತು.

ಒಂದು ದಿಕ್ಕಿನಲ್ಲಿ ಕರೆ ಕೂಡಿ ಸಂಭಾಷಣೆ ನಡೆಯುತ್ತಿದ್ದರೆ ಯಂತ್ರಗಳೂ ಜಾಲವೂ ಬಹುಮಟ್ಟಿಗೆ ಸುಸ್ಥಿತಿಯಲ್ಲಿವೆ ಎಂದೇ ಅರ್ಥ. ಹೋಗುವ ಕರೆಗೂ ಬರುವ ಕರೆಗೂ ಪ್ರತಿ ಯಂತ್ರದಲ್ಲಿ ಪ್ರತ್ಯೇಕ ನಿಯಮಗಳನ್ನು ಬರೆದಿರುತ್ತಾರೆ. ದೋಷವು ಸಾಮಾನ್ಯವಾಗಿ ಈ ನಿಯಮಗಳಲ್ಲಿರುತ್ತದೆ. ಆದ್ದರಿಂದ ಎರಡು ಸಂಸ್ಥೆಗಳ ಲೆಕ್ಕಪುಸ್ತಕಗಳನ್ನು ತಾಳೆ ನೋಡುವಂತೆ, ಒಂದೇ ಕರೆಗೆ ಸಂಬಂಧಿಸಿದ ಎರಡೂ ಯಂತ್ರಗಳ ದಾಖಲೆಗಳನ್ನು ಸಮಯಾನುಸಾರ ಹೋಲಿಸಬೇಕು. ಇದಕ್ಕಾಗಿ ಎರಡರ ಗಡಿಯಾರಗಳೂ ಸರಿಯಾಗಿರಬೇಕು.

1. ಕರೆ ಹೊರಟಿದೆಯೇ? ಕಾರ್ಖಾನೆಯ ಯಂತ್ರವು ಕರೆಯನ್ನು ಟ್ರಂಕ್‌ಗೆ ಕಳುಹಿಸಿದ ದಾಖಲೆ ಇಲ್ಲದಿದ್ದರೆ, ಹೊರಹೋಗುವ ಮಾರ್ಗವನ್ನು ನಮೂದಿಸಿಲ್ಲ ಅಥವಾ ಆ ಎಕ್ಸ್‌ಟೆನ್ಷನ್‌ಗೆ ಅನುಮತಿ ಇಲ್ಲ.

2. ಕರೆ ತಲುಪಿದೆಯೇ? ಅಲ್ಲಿ ಹೊರಟ ಕರೆಯ ಸುಳಿವು ಇಲ್ಲಿ ಇಲ್ಲದಿದ್ದರೆ ಫೈರ್‌ವಾಲ್ ಅಥವಾ ರೌಟರ್ ಅನ್ನು ಪರಿಶೀಲಿಸಬೇಕು. ಒಳಗಿನಿಂದ ಆರಂಭವಾದ ಸಂಪರ್ಕಕ್ಕೆ ಬರುವ ಉತ್ತರವನ್ನು ರೌಟರ್ ಬಿಡುತ್ತದೆ; ಹೊರಗಿನಿಂದ ತಾನಾಗಿ ಬಂದ ಕರೆಯನ್ನು ತಡೆಯುತ್ತದೆ. ಬದಲಾಗುವ ಐಪಿ ವಿಳಾಸವೂ ಇದಕ್ಕೆ ಕಾರಣವಾಗಬಹುದು. ಸ್ಥಿರ ವಿಳಾಸ ಅಥವಾ ವಿಪಿಎನ್ ಇದಕ್ಕೆ ಪರಿಹಾರ.

3. ಕರೆಯನ್ನು ಒಪ್ಪಲಾಗಿದೆಯೇ? 401 ಅಥವಾ 407 ಎಂಬ ಸಂಕೇತವು ಗುರುತಿನ ಪುರಾವೆಯನ್ನು ಕೇಳುತ್ತದೆ. ಮೊದಲ ಬಾರಿ ಇದು ಸಹಜ. ಅದೇ ಮರುಕಳಿಸಿದರೆ ಅಥವಾ 403 ಬಂದರೆ ಬಳಕೆದಾರ ಹೆಸರು, ಗುಪ್ತಪದ ಹಾಗೂ ಅನುಮತಿಸಿದ ವಿಳಾಸಗಳನ್ನು ನೋಡಬೇಕು.

4. ಅಂಕಿಗಳು ಹೊಂದುತ್ತವೆಯೇ? ಕಾರ್ಖಾನೆಯವರು 8 ಒತ್ತಿ 201ಕ್ಕೆ ಕರೆ ಮಾಡುತ್ತಾರೆಂದು ಭಾವಿಸೋಣ. ಆರಂಭದ 8 ಅನ್ನು ತೆಗೆಯದೆ ಕಳುಹಿಸಿದರೆ ಕಚೇರಿಯ ಯಂತ್ರವು 8201 ಅನ್ನು ಹುಡುಕಿ, ಸಿಗದೆ, 404 ಎಂದು ಉತ್ತರಿಸುತ್ತದೆ. ಎರಡೂ ಕಡೆ ಒಂದೇ ಎಕ್ಸ್‌ಟೆನ್ಷನ್ ಸಂಖ್ಯೆಗಳಿದ್ದರೂ ಗೊಂದಲವಾಗುತ್ತದೆ. 488 ಬಂದರೆ ಎರಡೂ ಯಂತ್ರಗಳಿಗೆ ಸಮಾನವಾದ ಕೋಡೆಕ್ ಇಲ್ಲದಿರಬಹುದು.

ಕರೆ ಕೂಡಿದರೂ ಒಬ್ಬರ ಧ್ವನಿ ಮಾತ್ರ ಕೇಳಿಸುವುದು ಬೇರೆಯೇ ದೋಷ. ಅಲ್ಲಿ ಧ್ವನಿಯನ್ನು ಒಯ್ಯುವ ಆರ್‌ಟಿಪಿ ಪೋರ್ಟ್‌ಗಳನ್ನೂ ರೌಟರ್‌ನ ಎಸ್‌ಐಪಿ ಎಎಲ್‌ಜಿ ಸೌಲಭ್ಯವನ್ನೂ ಪರಿಶೀಲಿಸಬೇಕು.

ದುರಸ್ತಿಯ ಅವಸರದಲ್ಲಿ ಎಸ್‌ಐಪಿಯ 5060 ಪೋರ್ಟ್ ಅನ್ನು ಜಗತ್ತಿಗೆಲ್ಲ ತೆರೆದಿಡುವುದು ದುಬಾರಿಯಾದೀತು. ಅಪರಿಚಿತರು ಯಂತ್ರದೊಳಗೆ ನುಸುಳಿ ರಾತ್ರೋರಾತ್ರಿ ವಿದೇಶಿ ಕರೆಗಳನ್ನು ಮಾಡಿದರೆ ಅದರ ಬಿಲ್ಲು ಬರುವುದು ಉದ್ದಿಮೆಗೇ. ಆದ್ದರಿಂದ ಎದುರು ಕಚೇರಿಯ ವಿಳಾಸಕ್ಕಷ್ಟೇ ಪ್ರವೇಶ ನೀಡಿ, ಟ್ರಂಕ್‌ನಿಂದ ಐಎಸ್‌ಡಿ ಕರೆಗಳನ್ನು ನಿರ್ಬಂಧಿಸಬೇಕು. ಆಂತರಿಕ ಕೊಂಡಿಯಿಂದ ಬಂದ ಕರೆಯನ್ನು ಮೈಸೂರಿನ 0821 ಸಾರ್ವಜನಿಕ ಮಾರ್ಗಕ್ಕೆ ಹರಿಯಬಿಡುವುದು ದೂರಸಂಪರ್ಕ ಇಲಾಖೆಯ ನಿಯಮಗಳಿಗೆ ಒಳಪಟ್ಟ ವಿಷಯ. ಈ ಬಗ್ಗೆ ಸೇವಾದಾರರಿಂದ ಲಿಖಿತ ಸ್ಪಷ್ಟನೆ ಪಡೆಯುವುದು ಕ್ಷೇಮ.

ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಮೂರು ಷರತ್ತುಗಳಿರಲಿ: ಸಂರಚನೆಯ ಪ್ರತಿಯನ್ನು ಉದ್ದಿಮೆಗೆ ಒಪ್ಪಿಸುವುದು, ಮಾಡಿದ ಪ್ರತಿ ಬದಲಾವಣೆಯನ್ನು ದಿನಾಂಕಸಹಿತ ದಾಖಲಿಸುವುದು, ಎರಡೂ ದಿಕ್ಕಿನ ಪರೀಕ್ಷಾ ಕರೆಗಳು ಯಶಸ್ವಿಯಾದ ನಂತರವೇ ಬಿಲ್ಲು ಪಾವತಿಸುವುದು. ಯಂತ್ರ ಬದಲಿಸುವ ಸಲಹೆ ಬಂದಾಗ, ವಿಫಲ ಕರೆಗೆ ದೊರೆತ ಸಂಕೇತ ಸಂಖ್ಯೆಯನ್ನು ಬರಹದಲ್ಲಿ ಕೇಳಬೇಕು. ಅದನ್ನು ನೀಡಲಾಗದವರ ದರಪಟ್ಟಿಯನ್ನು ಸದ್ಯಕ್ಕೆ ಬದಿಗಿಡಬಹುದು.