ಮಿದುಳಿನಲ್ಲಿ ಹೊಸ ಚಿಗುರು: ನಿಜವೆಷ್ಟು, ಆಸೆಯೆಷ್ಟು?



ಚರ್ಮ ಸುಲಿದರೆ ಮತ್ತೆ ಬರುತ್ತದೆ, ಮೂಳೆ ಮುರಿದರೆ ಕೂಡುತ್ತದೆ, ಆದರೆ ಮಿದುಳಿನ ಕೋಶ ಸತ್ತರೆ ಸತ್ತ ಹಾಗೆಯೇ. ಈ ಮಾತನ್ನು ನಮ್ಮಲ್ಲಿ ಬಹುಪಾಲು ಜನ ಶಾಲೆಯ ಪಾಠದಲ್ಲೇ ಕೇಳಿದವರು. ಈಗ ಅದರ ತದ್ವಿರುದ್ಧದ ಮಾತೂ ಕಿವಿಗೆ ಬೀಳುತ್ತಿದೆ. "ಮಿದುಳಿನಲ್ಲೂ ಸ್ಟೆಮ್ ಸೆಲ್ ಇವೆಯಂತೆ, ಇಂಜೆಕ್ಷನ್ ಕೊಟ್ಟರೆ ಹೊಸ ಮಿದುಳು ಬೆಳೆಯುತ್ತದಂತೆ!" ಮನೆಯಲ್ಲಿ ಲಕ್ವ ಹೊಡೆದ ತಂದೆಯೋ, ಹೆಸರುಗಳನ್ನು ಒಂದೊಂದಾಗಿ ಮರೆಯುತ್ತಿರುವ ತಾಯಿಯೋ ಇದ್ದರೆ ಈ 'ಅಂತೆ' ಬರೀ ಕುತೂಹಲದ ಮಾತಾಗಿ ಉಳಿಯುವುದಿಲ್ಲ. ಭವಿಷ್ಯನಿಧಿಯ ಹಣ ತೆಗೆಯೋಣವೇ, ಊರಿನ ಜಮೀನು ಮಾರೋಣವೇ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ.

ಆದ್ದರಿಂದ ಈ ಸಂಚಿಕೆಯಲ್ಲಿ ಎರಡು ಮಾತುಗಳನ್ನು ಬೇರೆ ಬೇರೆ ಮಾಡಿ ನೋಡೋಣ. ಬೆಳೆದ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟಬಲ್ಲದು ಎಂಬುದು ಒಂದು. ಹೊರಗಿನಿಂದ ಕೋಶ ಚುಚ್ಚಿದರೆ ಕೆಟ್ಟ ಮಿದುಳು ಸರಿಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದರ ಹಿಂದೆ ಅರವತ್ತು ವರ್ಷದ ಸಂಶೋಧನೆಯಿದೆ. ಎರಡನೆಯದು ಅದರ ನೆರಳಿನಲ್ಲಿ ಬೆಳೆದ ಆಸೆ.

ಆಕರಕೋಶ ಎಂದರೇನು?

ಸ್ಟೆಮ್ ಸೆಲ್ಲನ್ನು ಕನ್ನಡದಲ್ಲಿ ಆಕರಕೋಶ ಅನ್ನುತ್ತಾರೆ. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ ಇದು. ಇಂದಿನ ಮೊಸರಿನಲ್ಲಿ ಒಂದು ಚಮಚ ಎತ್ತಿಟ್ಟರೆ ನಾಳೆಯ ಮೊಸರೂ ಆಯಿತು, ನಾಡಿದ್ದಿಗೆ ಹೆಪ್ಪೂ ಉಳಿಯಿತು. ಆಕರಕೋಶವೂ ಒಡೆದು ಎರಡಾದಾಗ ಒಂದು ಭಾಗ ತನ್ನಂತೆಯೇ ಉಳಿಯಬಹುದು, ಇನ್ನೊಂದು ರಕ್ತದ ಕೋಶವೋ ಚರ್ಮದ ಕೋಶವೋ ಆಗಿ ಕೆಲಸಕ್ಕೆ ಹೋಗಬಹುದು. ಮೂಳೆಮಜ್ಜೆಯಲ್ಲಿ ಈ ಕೆಲಸ ದಿನವೂ ನಡೆಯುತ್ತದೆ. ರಕ್ತದ ಕ್ಯಾನ್ಸರಿಗೆ ಮೂಳೆಮಜ್ಜೆ ಬದಲಿ ಮಾಡುವುದೂ ಇದೇ ಆಧಾರದ ಮೇಲೆ. ಅದು ದಶಕಗಳಿಂದ ರುಜುವಾತಾದ ಚಿಕಿತ್ಸೆ.

ಮಿದುಳಿನ ಕಥೆ ಹಾಗಲ್ಲ. ನಮ್ಮ ತಲೆಯೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಹೆಚ್ಚಿನವು ಬದುಕಿನ ಆರಂಭದಲ್ಲೇ ಹುಟ್ಟಿದಂಥವು, ಕೊನೆಯವರೆಗೂ ನಮ್ಮ ಜೊತೆಗೇ ಇರುವಂಥವು. ಆಧುನಿಕ ನರವಿಜ್ಞಾನದ ಪಿತಾಮಹ, ಸ್ಪೇನ್ ದೇಶದ ರಾಮೋನ್ ಈ ಕಹಾಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬೆಳೆದ ಮಿದುಳಿನಲ್ಲಿ ಹೊಸದಾಗಿ ಏನೂ ಹುಟ್ಟುವುದಿಲ್ಲ ಎಂದು ಬರೆದರು. ಆ ಮಾತು ಅರ್ಧ ಶತಮಾನ ಶಾಸನದಂತೆ ನಿಂತಿತು.

ಶಾಸನ ಅಲುಗಿದ್ದು ಹೀಗೆ

1962ರಲ್ಲಿ ಅಮೆರಿಕದ ಜೋಸೆಫ್ ಆಲ್ಟ್‌ಮನ್ ಒಂದು ಪ್ರಶ್ನೆ ಎತ್ತಿದರು. ಬೆಳೆದ ಸಸ್ತನಿಗಳ ಮಿದುಳಿನಲ್ಲೂ ಹೊಸ ನರಕೋಶ ಹುಟ್ಟುತ್ತಿರಬಹುದೇ? 1965ರಲ್ಲಿ ಅವರೂ ಗೋಪಾಲ ದಾಸ್ ಅವರೂ ಸೇರಿ ಇಲಿಗಳ ಮಿದುಳಿನಲ್ಲಿ ಅದಕ್ಕೆ ಸಾಕ್ಷಿ ಕೊಟ್ಟರು. ವಿಧಾನ ಸರಳವಾಗಿತ್ತು. ಕೋಶ ಹುಟ್ಟುವಾಗ ಹೊಸ ಡಿಎನ್ಎ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ಒಂದು ಸಾಮಗ್ರಿಗೆ ವಿಕಿರಣದ ಗುರುತು ಹಾಕಿ ಇಲಿಗೆ ಕೊಟ್ಟರು. ಯಾವ ಕೋಶದಲ್ಲಿ ಗುರುತು ಕಂಡಿತೋ ಅದು ಗುರುತು ಹಾಕಿದ ಮೇಲೆ ಹುಟ್ಟಿದ್ದು!

ಆದರೂ ಹೆಚ್ಚಿನವರು ನಂಬಲಿಲ್ಲ. 1980ರ ದಶಕದಲ್ಲಿ ಫರ್ನಾಂಡೊ ನೋಟೆಬೋಮ್ ಅವರ ತಂಡ ಹಾಡುವ ಕ್ಯಾನರಿ ಹಕ್ಕಿಗಳಲ್ಲಿ ಹೊಸ ನರಕೋಶಗಳನ್ನು ತೋರಿಸಿತು. 1992ರಲ್ಲಿ ಕೆನಡಾದ ರೆನಾಲ್ಡ್ಸ್ ಮತ್ತು ವೈಸ್ ಬೆಳೆದ ಇಲಿಯ ಮಿದುಳಿನಿಂದ ಆಕರಕೋಶಗಳನ್ನೇ ಬೇರ್ಪಡಿಸಿ ತಟ್ಟೆಯಲ್ಲಿ ಬೆಳೆಸಿದರು. ಮನುಷ್ಯರ ಸರದಿ ಬಂದದ್ದು 1998ರಲ್ಲಿ. ಸ್ವೀಡನ್ನಿನ ಪೀಟರ್ ಎರಿಕ್ಸನ್, ಅಮೆರಿಕದ ಫ್ರೆಡ್ ಗೇಜ್ ಮತ್ತು ಸಂಗಡಿಗರು ಐವರು ಕ್ಯಾನ್ಸರ್ ರೋಗಿಗಳ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿದರು. ಗಡ್ಡೆಯ ಬೆಳವಣಿಗೆ ಅಳೆಯಲು ಬದುಕಿದ್ದಾಗ ಅವರಿಗೆ ಇಂಥದೇ ಗುರುತಿನ ವಸ್ತು ಕೊಡಲಾಗಿತ್ತು. ಮಿದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗದಲ್ಲಿ ಆ ಗುರುತು ಹೊತ್ತ ಹೊಸ ನರಕೋಶಗಳು ಸಿಕ್ಕವು. ಹೊಸ ನೆನಪುಗಳನ್ನು ಕಟ್ಟುವಲ್ಲಿ ಮುಖ್ಯ ಪಾತ್ರ ವಹಿಸುವುದು ಇದೇ ಹಿಪ್ಪೋಕ್ಯಾಂಪಸ್. ಮರೆವಿನ ಕಾಯಿಲೆಯಾದ ಆಲ್ಜೈಮರ್ ಬೇಗನೆ ಕೈಯಿಕ್ಕುವುದೂ ಇಲ್ಲಿಗೇ.

ಎಷ್ಟು ಹುಟ್ಟುತ್ತವೆ? 1950ರ ದಶಕದಿಂದ 1963ರವರೆಗೆ ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಒಂದು ಬಗೆಯ ಇಂಗಾಲ ಹೆಚ್ಚಿತ್ತು. ಅದು ಬೆಳೆಗೆ, ಬೆಳೆಯಿಂದ ನಮ್ಮ ಊಟಕ್ಕೆ, ಊಟದಿಂದ ಕೋಶಗಳಿಗೆ ಸೇರಿತ್ತು. ಆ ಇಂಗಾಲವನ್ನು ಅಳೆದು ಸ್ವೀಡನ್ನಿನ ಯೋನಾಸ್ ಫ್ರಿಸೆನ್ ಅವರ ತಂಡ 2013ರಲ್ಲಿ ಲೆಕ್ಕ ಕೊಟ್ಟಿತು. ಎಡಕ್ಕೊಂದು, ಬಲಕ್ಕೊಂದು ಇರುವ ಹಿಪ್ಪೋಕ್ಯಾಂಪಸ್‌ಗಳಲ್ಲಿ ಪ್ರತಿಯೊಂದಕ್ಕೂ ದಿನಕ್ಕೆ ಸುಮಾರು 700 ಹೊಸ ನರಕೋಶ. 8,600 ಕೋಟಿಯ ಮುಂದೆ 700! ಮಿದುಳನ್ನೇ ಹೊಸದಾಗಿ ಕಟ್ಟುವ ಸಂಖ್ಯೆ ಇದಲ್ಲ.

ನಮ್ಮ ಪಕ್ಕದ ಮುಂಬೈಯಲ್ಲಿ

ಅಹಮದಾಬಾದಿನಲ್ಲಿ ರಾತ್ರಿ ರೈಲು ಹತ್ತಿದರೆ ವಡೋದರ, ಸೂರತ್ ದಾಟಿ ಬೆಳಗಿನ ಹೊತ್ತಿಗೆ ಮುಂಬೈ. ಅಲ್ಲಿ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 2000ದಿಂದ ಈ ವಿಷಯದ ಕೆಲಸ ನಡೆಸಿದವರು ನರವಿಜ್ಞಾನಿ ವಿದಿತಾ ವೈದ್ಯ. 2015ರಲ್ಲಿ ಭಟ್ನಾಗರ್ ಪ್ರಶಸ್ತಿ, 2022ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಪಡೆದವರು.

ಅವರ ಕ್ಷೇತ್ರದ ಒಂದು ಒಗಟು ಕೇಳಿ. ಖಿನ್ನತೆಗೆ ಕೊಡುವ ಮಾತ್ರೆ ಕೆಲವೇ ಗಂಟೆಗಳಲ್ಲಿ ಮಿದುಳಿನ ರಾಸಾಯನಿಕಗಳನ್ನು ಬದಲಿಸುತ್ತದೆ. ಆದರೆ ರೋಗಿಗೆ ಮನಸ್ಸು ಹಗುರವಾಗಲು ವಾರಗಳೇ ಬೇಕು. ಏಕೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಡ್ಯೂಮನ್ ಅವರ ತಂಡ 2000ದಲ್ಲಿ ಒಂದು ಸುಳಿವು ಕೊಟ್ಟಿತು. ಈ ಔಷಧಗಳನ್ನು ಕೆಲವು ವಾರ ಕೊಟ್ಟ ಇಲಿಗಳ ಹಿಪ್ಪೋಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಹೆಚ್ಚಿದ್ದವು. ಹುಟ್ಟಿದ ಕೋಶ ಬಲಿತು ಕೆಲಸಕ್ಕೆ ನಿಲ್ಲಲೂ ವಾರಗಳು ಬೇಕು. ಎರಡು ಕಾಲಗಳೂ ತಾಳೆಯಾದವು. ವಿದಿತಾ ವೈದ್ಯ ಪಿಎಚ್‌ಡಿ ಮಾಡಿದ್ದು ಇದೇ ಡ್ಯೂಮನ್ ಅವರ ಪ್ರಯೋಗಾಲಯದಲ್ಲಿ.

ಮುಂಬೈಗೆ ಬಂದ ಮೇಲೆ ಅವರ ತಂಡ ಕೇಳಿದ್ದು, ಆಕರಕೋಶಕ್ಕೆ "ಒಡೆ" ಎಂದು ಹೇಳುವವರು ಯಾರು ಎಂಬ ಪ್ರಶ್ನೆ. 2002ರಲ್ಲಿ ಅವರು ಇಲಿಗಳ ಮಿದುಳಿನಲ್ಲಿ ನಾರ್ಎಪಿನೆಫ್ರಿನ್ ಎಂಬ ರಾಸಾಯನಿಕವನ್ನು ಬರಿದು ಮಾಡಿದಾಗ ಹೊಸ ಕೋಶಗಳ ಹುಟ್ಟು ತಗ್ಗಿತು. 2005ರಲ್ಲಿ ಥೈರಾಯ್ಡ್ ಹಾರ್ಮೋನಿನ ಕೊರತೆಯಿದ್ದ ಇಲಿಗಳಲ್ಲಿ ಹುಟ್ಟಿದ ಕೋಶಗಳು ಉಳಿದು ನರಕೋಶವಾಗುವುದೇ ಕಡಿಮೆಯಾಯಿತು ಎಂದು ಕಂಡರು. ಹೊಸ ಕೋಶ ಒಂಟಿಯಾಗಿ ಬೆಳೆಯುವುದಿಲ್ಲ, ಅದರ ಸುತ್ತಲಿನ ಮಿದುಳೂ ದೇಹವೂ ಸೇರಿ ಅದನ್ನು ಸಾಕುತ್ತವೆ ಎಂಬುದು ಇದರ ಸಾರ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ. ಎಸ್. ಶಂಕರನಾರಾಯಣ ರಾವ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಕೆಲಸವೂ ಇದೇ ದಾರಿಯದು. ಖಿನ್ನತೆಯಂಥ ಸ್ಥಿತಿಗೆ ತಂದ ಇಲಿಗಳಲ್ಲಿ ಕಲಿಕೆ ಕುಂದಿತ್ತು, ಹೊಸ ಕೋಶಗಳ ಹುಟ್ಟೂ ಏರುಪೇರಾಗಿತ್ತು. ಅಂಥ ಇಲಿಗಳನ್ನು ಒಡನಾಡಿಗಳೂ ಆಟದ ಸಾಮಾನೂ ಇರುವ ವಿಶಾಲ ಗೂಡಿಗೆ ಬಿಟ್ಟಾಗ ಎರಡೂ ಸುಧಾರಿಸಿದವು.

ವಾದ ಇನ್ನೂ ಇದೆ

ಇಲಿಯ ವಿಷಯದಲ್ಲಿ ತಕರಾರಿಲ್ಲ. ಮನುಷ್ಯರ ವಿಷಯದಲ್ಲಿ ಇದೆ. 2018ರಲ್ಲಿ ಅಮೆರಿಕದ ಒಂದು ತಂಡ, ಹದಿಮೂರು ವರ್ಷ ದಾಟಿದವರ ಹಿಪ್ಪೋಕ್ಯಾಂಪಸ್‌ನಲ್ಲಿ ಎಳೆಯ ನರಕೋಶವೇ ಕಾಣಲಿಲ್ಲ ಎಂದಿತು. ಒಂದು ತಿಂಗಳೊಳಗೆ ನ್ಯೂಯಾರ್ಕಿನ ಇನ್ನೊಂದು ತಂಡ, 79ರ ವಯಸ್ಸಿನವರಲ್ಲೂ ಕಂಡೆವು ಎಂದಿತು! 2019ರಲ್ಲಿ ಮ್ಯಾಡ್ರಿಡ್‌ನ ವಿಜ್ಞಾನಿಗಳು 87ರವರೆಗೂ ಕಂಡರು, ಆಲ್ಜೈಮರ್ ರೋಗಿಗಳಲ್ಲಿ ಮಾತ್ರ ಸಂಖ್ಯೆ ಇಳಿದಿತ್ತು ಎಂದರು. ಮರಣದ ನಂತರ ಮಿದುಳನ್ನು ಎಷ್ಟು ಬೇಗ, ಹೇಗೆ ಕಾಪಿಟ್ಟರು ಎಂಬುದರ ಮೇಲೂ ಕಾಣುವುದು ಬಿಡುವುದು ನಿಂತಿದೆ. 2025ರ ಜುಲೈನಲ್ಲಿ ಫ್ರಿಸೆನ್ ಅವರ ತಂಡ ಹೊಸ ವಿಧಾನದಿಂದ ಒಂದೊಂದೇ ಕೋಶದ ವಂಶವಾಹಿ ಚಟುವಟಿಕೆ ಓದಿ, ವಯಸ್ಕರಲ್ಲೂ ಒಡೆಯುತ್ತಿರುವ ಮೂಲಕೋಶಗಳನ್ನು ಗುರುತಿಸಿತು. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸ ಮಾತ್ರ ಬಹಳ. ಕೆಲವರಲ್ಲಿ ಧಾರಾಳ, ಕೆಲವರಲ್ಲಿ ಇಲ್ಲವೆಂಬಷ್ಟು ಕಡಿಮೆ.

ಹಾಗಾದರೆ ಇಂಜೆಕ್ಷನ್?

ಉತ್ತರಾಯಣದ ದಿನ ನಮ್ಮ ಅಹಮದಾಬಾದಿನ ಆಕಾಶ ನೆನಪಿಸಿಕೊಳ್ಳಿ. ಸಾವಿರಾರು ಗಾಳಿಪಟ, ಸಾವಿರಾರು ಮಾಂಜಾ ದಾರ. ಅದರ ನಡುವೆ ನಿಮ್ಮ ಪಟ ಏರಬೇಕು, ಯಾರ ದಾರವೂ ಕಡಿಯಬಾರದು, ಮೂರು ಬೀದಿಯಾಚೆಯ ಒಂದು ನಿರ್ದಿಷ್ಟ ತಾರಸಿಯನ್ನೇ ಹೋಗಿ ಮುಟ್ಟಬೇಕು. ಹೊಸ ನರಕೋಶದ ಪಾಡೂ ಹೀಗೇ. ಹುಟ್ಟಿದರೆ ಸಾಲದು, ತನ್ನ ಎಳೆ ಚಾಚಿ ಸರಿಯಾದ ಕೋಶವನ್ನೇ ಹುಡುಕಿ ಕೂಡಿಕೊಳ್ಳಬೇಕು. ಹುಟ್ಟಿದವುಗಳಲ್ಲಿ ಬಹಳಷ್ಟು ದಾರಿಯಲ್ಲೇ ಸಾಯುತ್ತವೆ. ತೋಳಿನ ರಕ್ತನಾಳಕ್ಕೆ ಕೋಶ ಬಿಟ್ಟರೆ ಅವು ಮಿದುಳಿಗೆ ಹೋಗಿ ಲಕ್ವದಿಂದ ಹಾಳಾದ ಜಾಗದಲ್ಲಿ ತಂತಿ ಜೋಡಿಸುತ್ತವೆ ಎನ್ನುವುದು ಬೇರೆಯದೇ ಮಾತು.

ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರೆ. ದೆಹಲಿಯ ಏಮ್ಸ್‌ನ ಕಾಮೇಶ್ವರ ಪ್ರಸಾದ್ ಅವರ ನೇತೃತ್ವದಲ್ಲಿ ಐದು ಕೇಂದ್ರಗಳು, ಲಕ್ವ ಹೊಡೆದ 120 ರೋಗಿಗಳು. ಅರ್ಧದಷ್ಟು ಜನಕ್ಕೆ ಅವರದೇ ಮೂಳೆಮಜ್ಜೆಯ ಕೋಶ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. 2014ರಲ್ಲಿ ಫಲಿತಾಂಶ ಬಂತು. ಅಪಾಯವಾಗಲಿಲ್ಲ, ಆದರೆ ಆರು ತಿಂಗಳ ಮೇಲೆ ನೋಡಿದರೆ ಎರಡು ಗುಂಪಿನ ಚೇತರಿಕೆಯಲ್ಲಿ ವ್ಯತ್ಯಾಸವೂ ಇರಲಿಲ್ಲ. ಕೋಶ ಪಡೆಯದವರೂ ಅಷ್ಟೇ ಚೇತರಿಸಿಕೊಂಡಿದ್ದರು. "ಇಂಜೆಕ್ಷನ್ ಆದ ಮೇಲೆ ಕೈ ಎತ್ತಿದರು" ಎಂಬ ಕಥೆ ಕೇಳಿದಾಗ ಇದನ್ನು ನೆನೆಯಬೇಕು. ಲಕ್ವದ ನಂತರದ ಮೊದಲ ತಿಂಗಳುಗಳಲ್ಲಿ ವ್ಯಾಯಾಮ ಚಿಕಿತ್ಸೆಯೊಂದಿಗೆ ಅನೇಕರ ಕೈ ತಾನಾಗಿಯೇ ಏಳುತ್ತದೆ.

ಹಾಗೆಂದು ಆಸೆಯ ಬಾಗಿಲು ಮುಚ್ಚಿಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವುದು ಮುಖ್ಯವಾಗಿ ಒಂದು ಜಾತಿಯ ಕೋಶ, ಆದ್ದರಿಂದ ಅಲ್ಲಿ ಗುರಿ ಸ್ಪಷ್ಟ. ಜಪಾನಿನ ಕ್ಯೋಟೊದಲ್ಲಿ ಏಳು ರೋಗಿಗಳ ಮಿದುಳಿಗೇ ನೇರವಾಗಿ ಅಂಥ ಕೋಶಗಳನ್ನು ಕಸಿ ಮಾಡಿ, ಎರಡು ವರ್ಷ ಗಮನಿಸಿ, ಗಂಭೀರ ತೊಂದರೆ ಕಾಣಲಿಲ್ಲವೆಂದೂ ಕೆಲವರಲ್ಲಿ ಸುಧಾರಣೆ ಕಂಡಿತೆಂದೂ 2025ರಲ್ಲಿ ವರದಿ ಮಾಡಿದ್ದಾರೆ. ಏಳೇ ಜನ, ಎರಡು ವರ್ಷ. ನಿಜವಾದ ವಿಜ್ಞಾನದ ನಡಿಗೆ ಇಷ್ಟು ನಿಧಾನ.

ಹಣ ಕಟ್ಟುವ ಮೊದಲು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ತಿರುಳು ಇದು: ಮೂಳೆಮಜ್ಜೆ ಬದಲಿಯಂಥ, ಮುಖ್ಯವಾಗಿ ರಕ್ತದ ಕಾಯಿಲೆಗಳಿಗೆ ಮಾಡುವ ರೂಢಿಯ ಚಿಕಿತ್ಸೆ ಬಿಟ್ಟರೆ ಉಳಿದೆಲ್ಲ ಆಕರಕೋಶ ಪ್ರಯೋಗವೂ ಸಂಶೋಧನೆ. ಸಂಶೋಧನೆಗೆ ಒಳಗಾಗುವ ರೋಗಿಯಿಂದ ಹಣ ಪಡೆಯುವಂತಿಲ್ಲ. ಮಕ್ಕಳ ಆಟಿಸಂಗೆ ಇದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿ ತಿಳಿಸಿದೆ. ಆದ್ದರಿಂದ ಕೇಳುಗರೇ, ಮೂರು ಪ್ರಶ್ನೆ ಕೇಳಿ. ಇದು ರೂಢಿಯ ಚಿಕಿತ್ಸೆಯೋ, ಪ್ರಯೋಗವೋ? ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದರ ಸಂಖ್ಯೆ ಯಾವುದು? ಪ್ರಯೋಗವಾದರೆ ನನ್ನಿಂದ ಹಣ ಏಕೆ? ಮೂರನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ.

ಇನ್ನು ಮನೆಯಲ್ಲೇ ಆಗುವುದು. ಓಡುವ ಚಕ್ರ ಸಿಕ್ಕ ಇಲಿಗಳಲ್ಲಿ ಹೊಸ ನರಕೋಶ ಹೆಚ್ಚಿದ್ದನ್ನು 1999ರಲ್ಲೇ ಕಂಡಿದ್ದಾರೆ. ಸಾಬರಮತಿ ದಂಡೆಯಲ್ಲೋ ವಡೋದರದ ಕಮಾಟಿಬಾಗ್‌ನಲ್ಲೋ ನಡೆದರೆ ನಿಮ್ಮಲ್ಲೂ ಅಷ್ಟೇ ಹುಟ್ಟುತ್ತವೆ ಎಂದು ನಾನು ಹೇಳಲಾರೆ. ಆದರೆ ನಡಿಗೆಯಿಂದ ರಕ್ತದೊತ್ತಡ ಇಳಿಯುತ್ತದೆ, ಲಕ್ವದ ಅಪಾಯ ತಗ್ಗುತ್ತದೆ, ಮನಸ್ಸು ಹಗುರಾಗುತ್ತದೆ. ಇದಕ್ಕೆ ಮನುಷ್ಯರಲ್ಲೇ ಪುರಾವೆಯಿದೆ. ಹಿರಿಯರಿಗೆ ಮರೆವು ಕಂಡರೆ ಮೊದಲು ವೈದ್ಯರಲ್ಲಿ ಥೈರಾಯ್ಡ್, ಬಿ-12 ಪರೀಕ್ಷೆ ಮಾಡಿಸಿ. ಇವುಗಳ ಕೊರತೆಯಿಂದ ಬಂದ ಮರೆವಿಗೆ ಮದ್ದಿದೆ. ಮುಖ ವಾರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ಹೊಸ ಕೋಶ ಹುಟ್ಟಿಸುವುದು ಇನ್ನೂ ಪ್ರಯೋಗಾಲಯದ ಕೆಲಸ. ಇದ್ದ ಕೋಶ ಉಳಿಸಿಕೊಳ್ಳುವುದು ಇಂದೇ ನಮ್ಮ ಕೈಯಲ್ಲಿದೆ.