ಕೋಲಾರದ ಹೊಸ್ತಿಲಲ್ಲಿ ನಿಂತ ಕತ್ತಲೆ

ಕಾಮಸಮುದ್ರದ ಮನೆಯೊಂದರಲ್ಲಿ ಪರೀಕ್ಷೆಗೆ ಓದುವ ಹುಡುಗಿ ದೀಪ ಹಾಕುತ್ತಾಳೆ ಎನ್ನಿ. ಆ ದೀಪಕ್ಕೆ ಬೇಕಾದ ವಿದ್ಯುತ್ತು ಕಣಜದ ರಾಗಿಯಂತೆ ಎಲ್ಲೋ ತುಂಬಿಟ್ಟದ್ದಲ್ಲ. ಬಹುಪಾಲು ವಿದ್ಯುತ್ತು ಬೇಕಾದ ಕ್ಷಣದಲ್ಲೇ ಹುಟ್ಟಬೇಕು. ಶರಾವತಿಯಲ್ಲೋ ರಾಯಚೂರಿನಲ್ಲೋ ತಿರುಗುತ್ತಿರುವ ಯಂತ್ರಗಳು ಅಷ್ಟು ಹೆಚ್ಚಿನ ಹೊರೆಯನ್ನು ತಕ್ಷಣ ಹೊರಬೇಕು. ಈ ಲೆಕ್ಕ ತಪ್ಪಿದರೆ?

ದೇವರ ಪಲ್ಲಕ್ಕಿ ಹೊರುವವರನ್ನು ನೆನಪಿಸಿಕೊಳ್ಳಿ. ಎಲ್ಲರ ಹೆಜ್ಜೆಯೂ ಒಂದೇ ತಾಳಕ್ಕೆ ಬೀಳಬೇಕು. ವಿದ್ಯುತ್ ಜಾಲದ ಜನರೇಟರುಗಳೂ ಹಾಗೆಯೇ. ನಮ್ಮ ದೇಶದಲ್ಲಿ ಅವುಗಳ ತಾಳ ಸೆಕೆಂಡಿಗೆ 50 ಆವರ್ತ, ಅಂದರೆ 50 ಹರ್ಟ್ಜ್. ಬೇಡಿಕೆ ಏರಿದರೆ ಯಂತ್ರಗಳ ವೇಗ ಕುಗ್ಗಿ ಈ ಆವೃತ್ತಿ ಇಳಿಯುತ್ತದೆ. ಬೇಡಿಕೆ ತಗ್ಗಿದರೆ ಏರುತ್ತದೆ. ಈಗಿನ ನಿಯಮದಂತೆ ಅದು 49.90 ಮತ್ತು 50.05ರ ನಡುವೆ ಇರಬೇಕು. ಮೊದಲ ಕೆಲವು ಸೆಕೆಂಡು ಭಾರವಾದ ಚಕ್ರಗಳ ಜಡತ್ವವೇ ಜಾಲವನ್ನು ಕಾಯುತ್ತದೆ. ಅಷ್ಟರಲ್ಲಿ ನೀರಿನ ಇಲ್ಲವೇ ಉಗಿಯ ಬಾಗಿಲು ಇನ್ನಷ್ಟು ತೆರೆದುಕೊಳ್ಳಬೇಕು.

ಕರೆಂಟು ನಂಬಿ ಬದುಕುವ ಪಾಠವನ್ನು ಈ ಸೀಮೆ ಬಹಳ ಹಿಂದೆಯೇ ಕಲಿತಿತ್ತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಸುಮಾರು 147 ಕಿಲೋಮೀಟರಿನ ಆ ತಂತಿಮಾರ್ಗ ಆಗಿನ ಕಾಲಕ್ಕೆ ಜಗತ್ತಿನ ಅತ್ಯಂತ ಉದ್ದದ ಮಾರ್ಗಗಳಲ್ಲೊಂದು. ಆದರೆ ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಗತಿಯೇನು? 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದಾಗ ಹೊಲಗಳಿಗೆ ನೀರುಣಿಸುವುದರ ಜೊತೆಗೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದು ಉದ್ದೇಶವಾಗಿತ್ತು.

ಒಂದೇ ತಂತಿಯನ್ನು ನೆಚ್ಚಿಕೊಂಡರೆ ಅದು ಕಡಿದ ದಿನ ಎಲ್ಲವೂ ಕತ್ತಲು. ಅದಕ್ಕೇ ಊರಿಗೆ ಊರು, ರಾಜ್ಯಕ್ಕೆ ರಾಜ್ಯ ಜೋಡಿಸಿ ಜಾಲ ಹೆಣೆದರು. ಒಂದು ಸ್ಥಾವರ ನಿಂತರೆ ಉಳಿದವು ಹೆಗಲು ಕೊಡುತ್ತವೆ. ಆದರೆ ಪಲ್ಲಕ್ಕಿಯ ಇನ್ನೊಂದು ಅಪಾಯವೂ ಇಲ್ಲಿದೆ. ಒಬ್ಬ ಎಡವಿದಾಗ ಅವನ ಭಾರ ಪಕ್ಕದವನ ಮೇಲೆ ಬಿತ್ತು. ಅವನೂ ಕುಸಿದರೆ ಎಲ್ಲರೂ ನೆಲಕ್ಕೆ!

2012ರ ಜುಲೈ 30 ಮತ್ತು 31ರಂದು ನಡೆದದ್ದು ಇದೇ. ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ಮಾರ್ಗ ಹೊರೆ ತಾಳದೆ ಕಡಿದುಕೊಂಡಿತು. ಅದರ ಹೊರೆ ಬೇರೆ ಮಾರ್ಗಗಳಿಗೆ ಹೊರಳಿ ಅವೂ ಒಂದೊಂದಾಗಿ ಕಳಚಿಕೊಂಡವು. ಮೊದಲ ದಿನ ಉತ್ತರದ ಜಾಲ ಬಿತ್ತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಅದು. ರೈಲುಗಳು ನಿಂತವು. ಪಶ್ಚಿಮ ಬಂಗಾಳದ ಕಲ್ಲಿದ್ದಲು ಗಣಿಗಳಲ್ಲಿ ಇನ್ನೂರರಷ್ಟು ಕಾರ್ಮಿಕರು ಕೆಳಗೇ ಸಿಕ್ಕಿಬಿದ್ದರು. ಆಮೇಲೆ ಅವರನ್ನು ಸುರಕ್ಷಿತವಾಗಿ ಮೇಲೆ ತಂದರು. ಗಣಿಯ ಲಿಫ್ಟ್ ನಿಂತರೆ ಮನೆಯವರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಕೆ.ಜಿ.ಎಫ್. ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಆ ಕತ್ತಲೆ ದಕ್ಷಿಣಕ್ಕೆ ಬರಲಿಲ್ಲ. ಏಕೆ?

ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 1,300 ಕಿಲೋಮೀಟರಿಗೂ ಉದ್ದದ ಒಂದು ಮಾರ್ಗವಿದೆ. 2003ರಿಂದ ಕೆಲಸ ಮಾಡುತ್ತಿರುವ ಅದರಲ್ಲಿ ಹರಿಯುವುದು 500 ಕಿಲೋವೋಲ್ಟಿನ ಡಿ.ಸಿ., ಅಂದರೆ ನೇರ ವಿದ್ಯುತ್ ಪ್ರವಾಹ. ತಾಲ್ಚೇರಿನಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡುತ್ತಾರೆ, ಕೋಲಾರದ ಬಳಿ ಮತ್ತೆ ಎ.ಸಿ. ಮಾಡುತ್ತಾರೆ. ಕೆರೆಗಳ ಜಿಲ್ಲೆಯವರಿಗೆ ಹೀಗೆ ಹೇಳಬಹುದು: ಮೇಲಿನ ಕೆರೆಯ ನೀರು ತೂಬಿನ ಮೂಲಕ ಕೆಳಗಿನ ಕೆರೆಗೆ ಬರುತ್ತದೆ, ಆದರೆ ಮೇಲಿನ ಕೆರೆಯ ಅಲೆ ಬರುವುದಿಲ್ಲ. ಆಗ ದಕ್ಷಿಣದ ಜಾಲಕ್ಕೆ ಹೊರಗಿನೊಂದಿಗೆ ಇದ್ದದ್ದು ಇಂಥ ಡಿ.ಸಿ. ಕೊಂಡಿಗಳ ನಂಟು ಮಾತ್ರ. ಉತ್ತರದವರ ಹೆಜ್ಜೆ ತಪ್ಪಿದರೂ ನಮ್ಮ ಹೆಜ್ಜೆ ತಪ್ಪಬೇಕಿರಲಿಲ್ಲ.

ಹಾಗೆಂದು ಪೆಟ್ಟು ಬೀಳಲಿಲ್ಲವೆಂದಲ್ಲ. ಜುಲೈ 31ರಂದು ಪೂರ್ವದಿಂದ ಬರುತ್ತಿದ್ದ ವಿದ್ಯುತ್ತು ಒಮ್ಮೆಲೇ ತಗ್ಗಿ, ದಕ್ಷಿಣದ ಆವೃತ್ತಿ 50.05ರಿಂದ 48.88 ಹರ್ಟ್ಜ್‌ಗೆ ಇಳಿಯಿತು. ಆಗ ನೆರವಿಗೆ ಬಂದದ್ದು ರಿಲೇ ಎಂಬ ಪುಟ್ಟ ಸಾಧನಗಳು. ಆವೃತ್ತಿ ಗೊತ್ತಾದ ಮಟ್ಟಕ್ಕಿಂತ ಇಳಿದರೆ ಅಥವಾ ಬಲು ವೇಗವಾಗಿ ಇಳಿಯತೊಡಗಿದರೆ, ಅವು ಯಾರ ಅಪ್ಪಣೆಗೂ ಕಾಯದೆ ಕೆಲವು ಊರುಗಳ ಸರಬರಾಜು ಕಡಿಯುತ್ತವೆ. ಕೆಲವರ ದೀಪ ಆರಿತು, ಉಳಿದವರ ದೀಪ ಉಳಿಯಿತು.

2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣವೂ ದೇಶದ ಜಾಲದೊಂದಿಗೆ ಒಂದೇ ತಾಳಕ್ಕೆ ಬಿತ್ತು. ಹೊರುವವರು ಹೆಚ್ಚಾದರು, ಬಲ ಬಂತು. ಆದರೆ ಈಗ ಅಲೆಯೂ ಹಾದುಬರಬಲ್ಲದು. ಜೊತೆಗೆ ಹೊಸ ಸವಾಲೊಂದಿದೆ. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಸೌರ ಫಲಕದಲ್ಲಿ ತಿರುಗುವ ಚಕ್ರವೇ ಇಲ್ಲ, ಹಾಗಾಗಿ ಮೊದಲ ಸೆಕೆಂಡುಗಳನ್ನು ಕಾಯುವ ಜಡತ್ವವೂ ಇಲ್ಲ. ಆ ಕೆಲಸವನ್ನು ಬ್ಯಾಟರಿಗಳಿಗೂ ಎಲೆಕ್ಟ್ರಾನಿಕ್ ಸಾಧನಗಳಿಗೂ ಕಲಿಸಬೇಕಾಗಿದೆ. ಇಂದಿನ ವಿದ್ಯಾರ್ಥಿಗಳಿಗೆ ಇದರಲ್ಲಿ ಕೈತುಂಬ ಕೆಲಸವಿದೆ.

ಕರೆಂಟು ಹೋದಾಗಲೆಲ್ಲ ಜಾಲ ಉಳಿಸಲೆಂದೇ ಹೋಯಿತೆನ್ನಲಾಗದು. ಮರ ಬಿದ್ದಿರಬಹುದು, ಟಿ.ಸಿ. ಸುಟ್ಟಿರಬಹುದು. ಆದರೆ ಜಾಲಕ್ಕಾಗಿ ಕಡಿಯುವಾಗ ಯಾವ ಊರಿನದು ಮೊದಲು? ರಿಲೇಗೆ ಊರಿನ ಹೆಸರು ಗೊತ್ತಿಲ್ಲ. ಆ ಪಟ್ಟಿಯನ್ನು ಮೊದಲೇ ಬರೆದಿಡುವವರು ಮನುಷ್ಯರು. ನಾಡಿನ ಬೆಳಕಿಗಾಗಿ ಕೆಲ ನಿಮಿಷ ಕತ್ತಲಲ್ಲಿ ಕೂರಲು ಯಾವ ಊರೂ ಬೇಸರಪಡಲಾರದು. ಪ್ರತಿ ಸಲವೂ ಅದೇ ಊರು ಕೂರಬೇಕಾಗಿ ಬಂದರೆ ಮಾತ್ರ, ಮಕ್ಕಳ ಪರವಾಗಿ ಆ ಪಟ್ಟಿಯ ಲೆಕ್ಕ ಕೇಳಬೇಕಾದವರು ಪಾಲಕರು.