ಗೋಡೆಯಾಚೆಗೆ ಬೆಳೆದ ಊರು

ಚೀನಾದ ಪಿಂಗ್ಯಾವೊಗೆ ಹೋಗಿಬಂದವರು ಆ ಊರನ್ನು ಸುತ್ತುವರಿದ ಆರು ಕಿಲೋಮೀಟರಿನ ಗೋಡೆಯ ಮೇಲೆ ಓಡಾಡಿದ ಕಥೆ ಹೇಳದೆ ಬಿಡುವುದಿಲ್ಲ. ಷಿಯಾನ್ ಪಟ್ಟಣದ ಗೋಡೆ ಇನ್ನೂ ಉದ್ದ. ಅದರ ಮೇಲೆ ಓಡಿಸಲು ಬಾಡಿಗೆ ಸೈಕಲ್ಲೇ ಸಿಗುತ್ತದೆ. ಎರಡಕ್ಕೂ ಇಂದಿನ ರೂಪ ಬಂದದ್ದು 1370ರ ದಶಕದಲ್ಲಿ, ಮಿಂಗ್ ಅರಸರು ಆಗಷ್ಟೇ ಪಟ್ಟಕ್ಕೆ ಬಂದಿದ್ದಾಗ. ಸರಿಸುಮಾರು ಅದೇ ಹೊತ್ತಿನಲ್ಲಿ ದಖ್ಖನಿನಲ್ಲಿ ಇನ್ನೊಂದು ಹೊಸ ರಾಜ್ಯ ತನ್ನ ರಾಜಧಾನಿಗೆ ಗೋಡೆ, ಬುರುಜು, ಮಸೀದಿ ಕಟ್ಟಿಕೊಳ್ಳುತ್ತಿತ್ತು. ಅದನ್ನು ನೋಡಲು ಪಾಸ್‌ಪೋರ್ಟ್ ಬೇಡ. ಮುಂಬೈ-ಚೆನ್ನೈ ಮಾರ್ಗದ ಯಾವುದಾದರೂ ರೈಲು ಹತ್ತಿ ಕಲಬುರಗಿಯಲ್ಲಿ ಇಳಿದು ಆಟೋದವರಿಗೆ ‘ಕಿಲ್ಲಾ’ ಎಂದರೆ ಸಾಕು.

1347ರ ಆಗಸ್ಟ್ 3ರಂದು ಅಲಾಉದ್ದೀನ್ ಹಸನ್ ಬಹಮನ್ ಶಾ ದೌಲತಾಬಾದಿನಲ್ಲಿ ಪಟ್ಟಕ್ಕೇರಿದ. ದೆಹಲಿಯ ತುಘಲಕನ ವಿರುದ್ಧ ದಂಗೆಯೆದ್ದ ಸರದಾರರಲ್ಲಿ ಅವನೂ ಒಬ್ಬ. ದೆಹಲಿಯ ದಂಡು ಬರುವ ದಾರಿಯಿಂದ ಇನ್ನಷ್ಟು ದೂರವಿದ್ದ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ಅದಕ್ಕೆ ಅಹಸನಾಬಾದ್ ಎಂದು ಹೆಸರಿಟ್ಟ. ಇಲ್ಲಿ ಅದಕ್ಕೂ ಮೊದಲೇ ರಾಜಾ ಗುಲಚಂದ ಎಂಬುವನು ಕಟ್ಟಿಸಿದ ಕೋಟೆಯಿತ್ತು ಎನ್ನುವುದು ಊರವರ ಮಾತು. ಈಗ ಕಾಣುವುದು ಬಹಮನಿಗಳು ಗಟ್ಟಿಮಾಡಿದ ಕೋಟೆ: ಸುತ್ತಳತೆ ಸುಮಾರು ಮೂರು ಕಿಲೋಮೀಟರ್, ಎರಡು ಸುತ್ತು ಗೋಡೆ, ಹೊರಗೆ ಅಗಲವಾದ ಕಂದಕ. ಕಂದಕದಲ್ಲಿ ನೀರಿಗಿಂತ ಜೊಂಡು ಹೆಚ್ಚು. ಅಲ್ಲಲ್ಲಿ ಊರಿನ ಕಸವೂ ಬಂದು ಬಿದ್ದಿದೆ. ಪಿಂಗ್ಯಾವೊದ ಹಾಗೆ ಗೋಡೆಯ ಮೇಲೆಯೇ ಒಂದು ಸುತ್ತು ಬರೋಣವೆಂದರೆ ಜಾಲಿಗಿಡ ಬಿಡುವುದಿಲ್ಲ.

ಒಳಗೆ ಮೊದಲು ಕಣ್ಣಿಗೆ ಬೀಳುವುದು ಬಾಲಾ ಹಿಸಾರ್. ಕಿಟಕಿ ಇಲ್ಲ, ಅಲಂಕಾರವಿಲ್ಲ, ಚೌಕಾಕಾರದ ದೈತ್ಯ ಕಲ್ಲಿನ ರಾಶಿ. ಇದು ಅರಮನೆಯಲ್ಲ, ಹೊರಗೋಡೆ ಬಿದ್ದಮೇಲೂ ಕಾದಾಡಲೆಂದು ಕಟ್ಟಿಕೊಂಡ ಒಳಕೋಟೆ. ಇಷ್ಟು ಒರಟಾದ ಕಟ್ಟಡ ಕರ್ನಾಟಕದ ಬೇರೆ ಕೋಟೆಗಳಲ್ಲಿ ನನ್ನ ಕಣ್ಣಿಗಂತೂ ಬಿದ್ದಿಲ್ಲ, ಆ ಕಾರಣಕ್ಕೇ ಇಷ್ಟವಾಗುತ್ತದೆ. ಬುರುಜೊಂದರ ಮೇಲೆ ‘ಬಾರಾ ಗಜ್ ತೋಪು’ ಮಲಗಿದೆ. ಉದ್ದ 29 ಅಡಿ. ಜಗತ್ತಿನಲ್ಲೇ ಅತಿ ಉದ್ದದ ತೋಪು ಎಂದು ಕಲಬುರಗಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಜೊತೆಗೆ ಬಂದ ಹುಡುಗರು ಅದರ ಮೇಲೆ ಸಾಲಾಗಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎಂಟು ಮಂದಿ ಕೂತರೂ ಜಾಗ ಉಳಿಯುತ್ತದೆ.

ಆದರೆ ಕೋಟೆಗೆ ಬರುವುದೇ ಜಾಮಾ ಮಸೀದಿಗಾಗಿ. ಶಾಸನದ ಪ್ರಕಾರ ಕಾಲ 1367, ಅಂದರೆ ಎರಡನೆಯ ಸುಲ್ತಾನ ಒಂದನೆಯ ಮುಹಮ್ಮದ್ ಶಾನ ಆಳ್ವಿಕೆ. ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫೀ. (ಶಾಸನದ ಕಾಲವನ್ನೇ ಒಪ್ಪದ, ಕಟ್ಟಡ ಇನ್ನಷ್ಟು ಈಚಿನದು ಎನ್ನುವ ವಿದ್ವಾಂಸರೂ ಇದ್ದಾರೆ. ಆ ಜಗಳ ಅವರಿಗೇ ಇರಲಿ.) ಅಳತೆ 216 ಅಡಿ ಉದ್ದ, 176 ಅಡಿ ಅಗಲ. ಭಾರತದ ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲಂಗಳ ಇರುವುದು ವಾಡಿಕೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಕಟ್ಟಡದ ಮೇಲೆ ಚಾವಣಿ. ಮಿನಾರುಗಳೂ ಇಲ್ಲ. ಮೂಲೆಗೊಂದರಂತೆ ನಾಲ್ಕು ಗುಮ್ಮಟ, ಮಿಹ್ರಾಬಿನ ಮೇಲೆ ಎತ್ತರಕ್ಕೆ ನಿಂತ ದೊಡ್ಡ ಗುಮ್ಮಟ, ಉಳಿದ ಜಾಗವನ್ನೆಲ್ಲ ತುಂಬಿದ ಸಣ್ಣ ಗುಮ್ಮಟಗಳು.

ಒಳಹೊಕ್ಕ ಮೇಲೆ ನೇರ ಮುಂದೆ ಹೋಗಬೇಡಿ. ಪಕ್ಕದ ಮೊಗಸಾಲೆಗೆ ತಿರುಗಿ. ಅಲ್ಲಿಯ ಕಮಾನುಗಳು ಬಹಳ ಅಗಲ, ಆದರೆ ಅವು ಎದ್ದು ನಿಲ್ಲುವ ಕಂಬಗಳು ಗಿಡ್ಡ. ಕಮಾನಿನ ಬುಡ ಹೆಚ್ಚೂಕಡಿಮೆ ಮನುಷ್ಯನ ಎತ್ತರಕ್ಕೇ ಶುರುವಾಗಿ, ಅಲ್ಲಿಂದ ಒಂದೇ ಬೀಸಿಗೆ ಆ ಬದಿಗೆ ಹೋಗಿ ಇಳಿಯುತ್ತದೆ. ಒಂದರ ಹಿಂದೆ ಒಂದು ನಿಂತ ಇಂಥ ಕಮಾನುಗಳ ನಡುವೆ ನಿಂತು ಮೂಲೆಯ ಕಡೆ ನೋಡಿದರೆ ಓಣಿ ಎಲ್ಲಿ ಮುಗಿಯುತ್ತದೆಂದು ತಿಳಿಯದು. ಅಂಗಳವಿಲ್ಲದ ಕಟ್ಟಡಕ್ಕೆ ಬೆಳಕು ಬರಬೇಕಾದದ್ದು ಬದಿಗಳಿಂದಲೇ; ಅಷ್ಟು ಅಗಲದ ಕಮಾನು ಇಟ್ಟದ್ದರಿಂದ ನಡುಭಾಗದವರೆಗೂ ಬೆಳಕು ತಲುಪುತ್ತದೆ. ಗಾರೆಯ ಮೇಲೆ ಬಿಳಿ ಸುಣ್ಣವಷ್ಟೇ. ಕೆತ್ತನೆ ಕಡಿಮೆ, ಬಣ್ಣ ಇಲ್ಲವೇ ಇಲ್ಲ. ಗೈಡುಗಳೂ ಗೈಡ್ ಪುಸ್ತಕಗಳೂ ಸ್ಪೇನಿನ ಕಾರ್ಡೋಬಾ ಮಸೀದಿಯ ಹೆಸರು ಹೇಳುತ್ತಲೇ ಇರುತ್ತವೆ. ಅಲ್ಲಿಯದು ಲಾಳದಾಕಾರದ ಎರಡಂತಸ್ತಿನ ಕಮಾನು, ಮರದ ಚಾವಣಿ. ಇಲ್ಲಿಯದು ಗುಮ್ಮಟದ ಚಾವಣಿ. ಹೋಲಿಕೆ ಏನಿದ್ದರೂ ಸಾಲುಸಾಲು ಕಮಾನುಗಳಷ್ಟಕ್ಕೆ. ಹೋಲಿಸದೆಯೂ ಇದು ದೊಡ್ಡ ಕಟ್ಟಡವೇ.

ಕೋಟೆಯೊಳಗೆ ಜನ ಈಗಲೂ ವಾಸವಿದ್ದಾರೆ. ಮನೆ, ಹಿತ್ತಲು, ಆಡುಮರಿ, ಡಿಶ್ ಆಂಟೆನಾ ಎಲ್ಲವೂ ಇದೆ. ಸಂರಕ್ಷಿತ ಸ್ಮಾರಕದಲ್ಲಿ ಒತ್ತುವರಿ ಆಗಿದೆ ಎಂಬ ತಕರಾರು ನ್ಯಾಯಾಲಯದವರೆಗೂ ಹೋಗಿದೆ. ಬೀದರ್, ವಿಜಯಪುರ, ಗೋಲ್ಕೊಂಡಗಳ ಜೊತೆ ಕಲಬುರಗಿಯೂ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಪಿಂಗ್ಯಾವೊ 1997ರಲ್ಲಿ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿದ್ದು ಗೋಡೆಯೊಳಗೆ ಬದುಕುವ ಪೇಟೆಯನ್ನೂ ಸೇರಿಸಿಕೊಂಡೇ ಎಂಬುದನ್ನು ಇಲ್ಲಿ ನೆನೆಯಬೇಕು. ತಲೆಮಾರುಗಳಿಂದ ಇದ್ದವರನ್ನು ಎಬ್ಬಿಸಿ ಹುಲ್ಲುಹಾಸು ಬೆಳೆಸಿದರೆ ಕೋಟೆ ಉಳಿದಂತಾಗುತ್ತದೆಯೇ? ನನಗೆ ಹಾಗೆನಿಸುವುದಿಲ್ಲ. ಹಾಗೆಂದು ಬುರುಜಿಗೆ ಒತ್ತಿ ಶೌಚಾಲಯ ಕಟ್ಟುವುದೂ ಸರಿಯಲ್ಲ.

ಕಲಬುರಗಿಗೂ ಪಿಂಗ್ಯಾವೊಗೂ ಇರುವ ನಿಜವಾದ ವ್ಯತ್ಯಾಸ ಬೇರೆ. ಅಲ್ಲಿ ಊರು ಇರುವುದು ಗೋಡೆಯ ಒಳಗೆ. ಇಲ್ಲಿ ಗೋಡೆಯೊಳಗಿದ್ದದ್ದು ಅರಸೊತ್ತಿಗೆ. ಊರು ಬೆಳೆದದ್ದು ಹೊರಗೆ. ಅದಕ್ಕೊಂದು ಜಗಳದ ಕಥೆಯಿದೆ. ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಗೇಸುದರಾಜ್ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು, 1400ರ ಸುಮಾರಿಗೆ ಕಲಬುರಗಿಗೆ ಬಂದರು. ಸುಲ್ತಾನ ಫಿರೋಜ್ ಶಾ ಮೊದಲು ಆದರದಿಂದಲೇ ಬರಮಾಡಿಕೊಂಡ. ಆಮೇಲೆ ಸಂಬಂಧ ಹಳಸಿತು. ಸಂತರ ಠಾವಿಗೆ ಸೇರುವ ಜನಜಂಗುಳಿ ಕೋಟೆಯ ಪಕ್ಕದಲ್ಲೇ ಇರುವುದು ಬೇಡವೆಂದು ಸುಲ್ತಾನ ಹೇಳಿಕಳಿಸಿದನಂತೆ, ಅವರು ಎದ್ದು ದೂರ ಹೋದರಂತೆ. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1422ರಲ್ಲಿ. ಫಿರೋಜ್ ಶಾ ‘ಹಫ್ತ್ ಗುಂಬಜ್’ ಎಂಬ ರಾಜಗೋರಿಗಳ ಸಮೂಹದಲ್ಲಿ, ಎರಡು ಕೋಣೆಗಳ ಭವ್ಯ ಗೋರಿಯಲ್ಲಿ ಮಲಗಿದ್ದಾನೆ. ಮಲಗಿದ್ದಾನೆ ಅಷ್ಟೇ, ನಾನು ಹೋದಾಗ ಕಾವಲುಗಾರನೂ ಹೊರಗೆ ನೆರಳಲ್ಲಿ ಮಲಗಿದ್ದ. ಅಲ್ಲಿಗೆ ಹತ್ತಿರದಲ್ಲೇ ಬಂದೇ ನವಾಜರ ದರ್ಗಾ. ಹೂವಿನ ಅಂಗಡಿ, ಚಾದರದ ಅಂಗಡಿ, ಬಸ್ಸಿಳಿದು ಬರುವ ಹಳ್ಳಿಯ ಹೆಂಗಸರು, ಹರಕೆ ಹೊತ್ತ ಹಿಂದೂಗಳು, ಉರುಸಿನಲ್ಲಂತೂ ಕಾಲಿಡಲು ಜಾಗವಿಲ್ಲ.

ಫಿರೋಜನ ತಮ್ಮ ಅಹ್ಮದ್ ಶಾ ಪಟ್ಟಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದ. ಕಲಬುರಗಿ ರಾಜಧಾನಿಯಾಗಿದ್ದದ್ದು ನೂರು ವರ್ಷವೂ ಅಲ್ಲ. ಅರಸರು ಎದ್ದುಹೋದ ಮೇಲೆ ಪಾಳು ಬಿದ್ದ ಊರುಗಳು ದಖ್ಖನಿನಲ್ಲಿ ಬೇಕಾದಷ್ಟಿವೆ. ಕಲಬುರಗಿ ಹಾಗಾಗದೆ ಉಳಿದದ್ದಕ್ಕೆ ಮುಖ್ಯ ಕಾರಣ ಸುಲ್ತಾನನು ದೂರ ಕಳಿಸಿದ ಆ ಸಂತರೇ ಎಂದು ನನ್ನ ನಂಬಿಕೆ. ನಾಲ್ಕು ಶತಮಾನದ ಮೇಲೆ ಶರಣಬಸವೇಶ್ವರರ ದಾಸೋಹ ಇನ್ನೊಂದು ಬದಿಯಲ್ಲಿ ಇದೇ ಕೆಲಸ ಮಾಡಿತು. ಅವರ ಗುಡಿ, ಪಕ್ಕದ ಅಪ್ಪನ ಕೆರೆ ಎರಡೂ ಕೋಟೆಯ ಗೋಡೆಯಿಂದ ಹೊರಗೇ ಇವೆ.

ಅಹ್ಮದ್ ಶಾ ಹೋದ ದಿಕ್ಕಿಗೇ ಈಗ ಹುಮನಾಬಾದ್ ರಸ್ತೆ ಹೋಗುತ್ತದೆ. ಕೋಟೆ ನೋಡಿದ ಮರುದಿನ ಬೆಳಿಗ್ಗೆ, ಮಾಂಸ ತಿನ್ನುವವರಾದರೆ ಪೇಟೆಯಲ್ಲಿ ಒಂದು ಪ್ಲೇಟ್ ಬಿಸಿ ತಹರಿ ಹೊಡೆದು, ಆ ಕಡೆ ಹೊರಡಿ. ಎರಡೂ ಬದಿ ತೊಗರಿ ಹೊಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸುಮಾರು 35 ಕಿಲೋಮೀಟರಿಗೆ ಕಮಲಾಪುರ. ಈಗ ತಾಲೂಕು ಕೇಂದ್ರ, ಆದರೂ ನೋಡಲು ದೊಡ್ಡ ಹಳ್ಳಿಯೇ. ಈ ತಾಲೂಕಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಗುಂಪೊಂದಿದೆ. ಕಲಬುರಗಿಯ ಗುಮ್ಮಟಗಳನ್ನು ನೋಡಿದ ಕಣ್ಣಿಗೆ ಪರಿಚಯದವೇ ಅನಿಸುತ್ತವೆ. ಟಿಕೆಟ್ಟಿಲ್ಲ, ಗದ್ದಲವಿಲ್ಲ.

ಕಮಲಾಪುರದ ಹೆಸರು ಹೊರಗೆ ಹಬ್ಬಿದ್ದು ಕೆಂಪು ಬಾಳೆಹಣ್ಣಿನಿಂದ. ಇದಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಗುಡ್ಡಸಾಲಿನ ಕೆಳಗಿನ ತಗ್ಗಿನಲ್ಲಿ, ಕಮಲಾಪುರ ಮತ್ತು ರಾಜನಾಳ, ನಾವನಿಹಾಳದಂಥ ಅಕ್ಕಪಕ್ಕದ ಊರುಗಳ ತೋಟಗಳಲ್ಲಷ್ಟೇ ಬೆಳೆಯುತ್ತದೆ. ಬೇರೆ ಬಾಳೆ ವರ್ಷಕ್ಕೆ ಗೊನೆ ಕೊಟ್ಟರೆ ಇದು ಹದಿನೆಂಟು ತಿಂಗಳು ಕಾಯಿಸುತ್ತದೆ. ತಿಪ್ಪೆಗೊಬ್ಬರವೂ ಹೆಚ್ಚು ಬೇಕು, ನೀರೂ ಹೆಚ್ಚು ಬೇಕು. ಹಾಗಾಗಿ ಬೆಲೆಯೂ ಮೇಲೆ. ಶ್ರೀಮಂತರ ಹಣ್ಣು ಎಂದು ಕರೆಸಿಕೊಂಡಿದೆ. ದಪ್ಪ ಕೆಂಪು ಸಿಪ್ಪೆ ಸುಲಿದರೆ ಒಳಗೆ ಕೆನೆಬಣ್ಣದ ತಿರುಳು, ಏಲಕ್ಕಿ ಬಾಳೆಯ ಎರಡರಷ್ಟು ದಪ್ಪ. ಒಂದು ತಿಂದರೆ ಹೊಟ್ಟೆ ತುಂಬಿತು.

‘ಯಣ್ಣಾ, ಇದು ಇನ್ನಾ ಗಟ್ಟಿ ಅದ, ನಾಳಿಗಿ ತಿನ್ರಿ’ ಎಂದು ರಸ್ತೆಬದಿಯ ಹೆಣ್ಣುಮಗಳು ಹಣ್ಣು ಒತ್ತಿ ನೋಡಿ ಬೇರೆ ಚಿಪ್ಪು ತೆಗೆದುಕೊಟ್ಟಳು. ಸಿಪ್ಪೆ ಕಡುಗೆಂಪಿಗೆ ತಿರುಗಿ, ಒತ್ತಿದರೆ ಸ್ವಲ್ಪ ಮಣಿಯುವ ಹಣ್ಣು ನೋಡಿ ತೆಗೆದುಕೊಳ್ಳಿ. ಹೋಗುವುದಾದರೆ ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಏಪ್ರಿಲ್ ಬಂತೆಂದರೆ ಕೋಟೆಯ ಕಲ್ಲು ಕಾದು ಬರಿಗಾಲಲ್ಲಿ ನಿಲ್ಲಲಾಗದು, ಮಸೀದಿಯೊಳಗೆ ಮಾತ್ರ ತಂಪು.